ಅರ್ಚಕರ ಮಗನ ಮಚ್ಚು, ನಮ್ಮ ಹುಡುಗರ ಶಿಳ್ಳೆ

'ಓಂ' ಸಿನಿಮಾ ಬಂದದ್ದು 1995ರಲ್ಲಿ. ಉಪೇಂದ್ರ ನಿರ್ದೇಶನ, ಶಿವರಾಜಕುಮಾರ್ ನಾಯಕ, ಪ್ರೇಮಾ ನಾಯಕಿ. ನಿಜವಾದ ರೌಡಿಗಳನ್ನೇ ಕರೆತಂದು ಪರದೆಯ ಮೇಲೆ ನಿಲ್ಲಿಸಿದ ಚಿತ್ರ. ಐನೂರಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ಬಿಡುಗಡೆಯಾಗಿದೆ. ಹಲಸೂರು, ಶಿವಾಜಿನಗರದ ಕಡೆ ತಮಿಳು ಸಿನಿಮಾಗಳದೇ ಜೋರು. ಆದರೂ ಅಲ್ಲಿನ ನಮ್ಮ ಹುಡುಗರಿಗೆ ಇದರ ಡೈಲಾಗು ಬಾಯಿಪಾಠ. ಅವರು ಹುಟ್ಟೋಕೆ ಮುಂಚಿನ ಸಿನಿಮಾ ಇದು. ಮೊಬೈಲಿನಲ್ಲಿ ತುಂಡುತುಂಡಾಗಿ ನೋಡುತ್ತಾರೆ.

ಇದರ ನಾಯಕ ಅರ್ಚಕರ ಮಗ. ಪ್ರೀತಿಯ ದೆಸೆಯಿಂದ ಮಚ್ಚು ಹಿಡಿಯುತ್ತಾನೆ. ಬೇಡ ಅಂದ ಹುಡುಗಿಯ ಬೆನ್ನು ಬಿಡದೆ ಕಾಡುತ್ತಾನೆ, ಹೆದರಿಸುತ್ತಾನೆ. ಆಮೇಲೆ ಹಿಂದಿನ ಕತೆ ಬಿಚ್ಚಿಕೊಂಡು, ಅವನನ್ನು ಈ ದಾರಿಗೆ ತಂದವಳು ಅವಳೇ ಅನ್ನುವಂತಾಗುತ್ತದೆ. ರೌಡಿತನ ಬೇಡ ಅನ್ನುವ ನೀತಿ ಚಿತ್ರಕ್ಕಿದೆ, ನಿಜ. ಮಚ್ಚಿನ ಬಗ್ಗೆ ಅದಕ್ಕೆ ಪಶ್ಚಾತ್ತಾಪ ಉಂಟು, ಹುಡುಗಿಯನ್ನು ಕಾಡಿದ್ದರ ಬಗ್ಗೆ ಇಲ್ಲವೇ ಇಲ್ಲ. ಕಾಡಿದ್ದು ಪ್ರೀತಿಯ ಲೆಕ್ಕಕ್ಕೆ ಜಮಾ ಆಯಿತು.

ಇನ್ನೊಂದು ಮಾತು. ಅರ್ಚಕರ ಮಗ ಮಚ್ಚು ಹಿಡಿದರೆ ಅದು ದುರಂತ. ಕೇರಿಯ ಹುಡುಗ ಹಿಡಿದರೆ ಅದು ಅವನ ಹುಟ್ಟುಗುಣ, ಸ್ಟೇಷನ್ನಿನಲ್ಲಿ ರೌಡಿ ಶೀಟು. ತನಗೆ ಸಿಗದ ಈ ಕ್ಷಮೆಗೆ ನಮ್ಮ ಹುಡುಗ ಯಾಕೆ ಶಿಳ್ಳೆ ಹೊಡೀತಾನೆ? ಮನೆಯಲ್ಲಿ, ಬೀದಿಯಲ್ಲಿ, ಕೆಲಸದಲ್ಲಿ ಎಲ್ಲೂ ಅವನ ಮಾತು ನಡೆಯೋದಿಲ್ಲ. ಒಬ್ಬಳ ಮೇಲಾದರೂ ನಡೀಲಿ ಅನ್ನೋ ಆಸೆ ಅದು. ತುಳಿಸಿಕೊಂಡವನು ಕಲಿತ ಯಜಮಾನಿಕೆ. ಇಷ್ಟು ಹೇಳಿ ಅವನನ್ನು ಬಿಟ್ಟುಬಿಡುವ ಹಾಗೂ ಇಲ್ಲ.

ನಾನು ಪಾಠ ಹೇಳುವ ಟ್ಯೂಷನ್ನಿನಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳ ತೋಳು ಬಾಸುಂಡೆ ಎದ್ದಿತ್ತು. ಫೋನ್ ಎತ್ತಲಿಲ್ಲ ಅಂತ ಹೊಡೆದನಂತೆ. ಅವಳ ಫೋನಿನ ಪಾಸ್‌ವರ್ಡೂ ಅವನ ಹತ್ತಿರವೇ. "ಪ್ರೀತಿ ಇರೋದಕ್ಕೇ ಅಲ್ವಾ ಸಾರ್ ಹೊಡೆಯೋದು" ಅಂದಳು. ಮನೇಲಿ ಹೇಳಿದರೆ ಓದು ಬಿಡಿಸಿ ಮದುವೆ ಮಾಡ್ತಾರೆ. ಪೊಲೀಸರ ಹತ್ತಿರ ಹೋದರೆ? ಬೆನ್ನು ಹತ್ತುವುದು 2013ರಿಂದ ಅಪರಾಧವೇ. ಆದರೆ 2012ರ ಪೋಕ್ಸೋ ಕಾಯ್ದೆಗೆ ಹದಿನೆಂಟರೊಳಗಿನ ಒಪ್ಪಿಗೆ ಒಪ್ಪಿಗೆಯಲ್ಲ. ಹುಡುಗಿ ಒಪ್ಪಿ ಕೂಡಿದರೂ ಹುಡುಗ ಜೈಲಿಗೆ. ಮೇಲ್ಜಾತಿಯ ಅಪ್ಪಂದಿರು ದಲಿತ ಹುಡುಗನ ಮೇಲೆ ಬಿಡುವ ಆಯುಧವೂ ಇದೇ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿಯನ್ನು ಮರುಯೋಚಿಸಿ ಅಂದಿತು. 2023ರಲ್ಲಿ ಕಾನೂನು ಆಯೋಗ ಹದಿನೆಂಟೇ ಇರಲಿ ಅಂದಿತು. ಈ ಎರಡರ ನಡುವೆ, ಒಪ್ಪಿ ಪ್ರೀತಿಸಿದವಳಿಗೆ 'ನನ್ನನ್ನು ಹೊಡೀತಾನೆ' ಅಂತಷ್ಟೇ ಹೇಳೋಕೆ ಜಾಗ ಎಲ್ಲಿದೆ?

ನಮ್ಮ ಸಂಘಕ್ಕೇ ತಂದೆ. ಹುಡುಗ ನಮ್ಮವನು, ಕೇಸಾದರೆ ಕೇರಿಗೇ ಕೆಟ್ಟ ಹೆಸರು, ಮಾತಾಡಿ ಮುಗಿಸೋಣ ಅಂದರು. ಆ ಸಭೆಯಲ್ಲಿ ನಾನೂ ಇದ್ದೆ, ತಲೆಯಾಡಿಸಿದೆ. ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಜಾತಿ ಒಡೆಯಲು ಅಂತರ್ಜಾತಿ ಮದುವೆಯೇ ಮದ್ದು ಎಂದು 1936ರಲ್ಲೇ ಬರೆದವರು, ಹಿಂದೂ ಕೋಡ್ ಬಿಲ್ಲು ಕೈಬಿಟ್ಟದ್ದಕ್ಕೂ ಸೇರಿ 1951ರಲ್ಲಿ ಮಂತ್ರಿಗಿರಿ ಬಿಟ್ಟು ಬಂದವರು. ಪ್ರೀತಿ ನಮಗೆ ಬರೀ ಸಿನಿಮಾ ವಿಷಯ ಅಲ್ಲ, ಹೋರಾಟದ ವಿಷಯ. ಹಾಗಿದ್ದೂ ಹೊಡೆತದ ಬಗ್ಗೆ ನಮ್ಮ ಕರಪತ್ರಗಳಲ್ಲಿ ಒಂದು ಸಾಲಿಲ್ಲ. 2003ರಲ್ಲಿ ಇದೇ ಬೆಂಗಳೂರಿನಲ್ಲಿ ಹೆಂಗಸರು ಆಸಿಡ್ ದಾಳಿಯ ವಿರುದ್ಧ ಅಭಿಯಾನ ಕಟ್ಟಿದರು. ಒಲ್ಲೆ ಅಂದದ್ದಕ್ಕೇ ಮುಖ ಸುಟ್ಟ ಕತೆಗಳನ್ನು ಅವರು ದಾಖಲಿಸುತ್ತಿದ್ದಾಗ ನಾವೆಲ್ಲಿದ್ದೆವು?

ಆ ಹುಡುಗಿ ಟ್ಯೂಷನ್ನಿಗೆ ಬರೋದು ಬಿಟ್ಟಳು. ಕೆ.ಆರ್. ಪುರದ ಅತ್ತೆ ಮನೆಗೆ ಕಳಿಸಿದ್ದಾರಂತೆ. ಹುಡುಗ ಏಪ್ರಿಲ್ ಹದಿನಾಲ್ಕರ ಬ್ಯಾನರ್ ಕಟ್ಟೋಕೆ ಬಂದಿದ್ದ.