ಇಪ್ಪತ್ತು ಮೀಟರಿನ ಸ್ನೈಪರ್

ಪ್ಲಾಸ್ಟಿಕ್ ಗುಂಡಿನ ಬಂದೂಕು ಹಿಡಿದು ಆಡುವ ಏರ್‌ಸಾಫ್ಟ್ ಆಟದಲ್ಲಿ ಹುಡುಗರ ಕಣ್ಣೆಲ್ಲ ಸ್ನೈಪರ್ ಪಾತ್ರದ ಮೇಲೆ. ದೂರದಲ್ಲಿ ಅಡಗಿ ಕೂತು, ಉಸಿರು ಬಿಗಿಹಿಡಿದು, ಒಂದೇ ಗುಂಡಿಗೆ ಎದುರಾಳಿಯನ್ನು ಆಟದಿಂದ ಹೊರಗೆ ಕಳಿಸುವ ಪಾತ್ರ ಅದು. ಈ ಮೋಹ ಎಲ್ಲಿಂದ ಬಂತೆಂದು ತಿಳಿಯಲು ಮಾಲೂರು ತಾಲ್ಲೂಕಿನ ನಮ್ಮ ಲಕ್ಕೂರಿನಿಂದ ಆಚೆ ಹೋಗಬೇಕಿಲ್ಲ. ಇಲ್ಲಿನ ಹುಡುಗರೂ ಎಲ್ಲ ಕಡೆಯವರಂತೆ ಮೊಬೈಲಿನಲ್ಲಿ ಪಬ್‌ಜಿ ಆಡಿ ಬೆಳೆದವರು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರು ಹೊತ್ತು ಮರಳಿ ಬಂತು. ಆ ಆಟದಲ್ಲಿ ಎಡಬ್ಲ್ಯುಎಂ ಬಂದೂಕು ಸಿಕ್ಕಿದವನಿಗೆ ಸಲಾಮು. ತಲೆಗೆ ಒಂದು ಗುಂಡು ಬಿದ್ದರೆ ಎಂಥ ಹೆಲ್ಮೆಟ್ಟೂ ಕಾಯುವುದಿಲ್ಲ, ನೂರಾರು ಮೀಟರ್ ದೂರದವನೂ ಉಳಿಯುವುದಿಲ್ಲ. ಅದೇ ಹುಡುಗ ನಿಜವಾದ ತೋಪಿನೊಳಗೆ ಪ್ಲಾಸ್ಟಿಕ್ ಗುಂಡಿನ ಬಂದೂಕು ಹಿಡಿದು ಮಲಗಿದರೆ ಆ ಬಲದಲ್ಲಿ ಹೆಚ್ಚಿನದೇನೂ ಅವನ ಜೊತೆ ಬರುವುದಿಲ್ಲ. ಹೊಡೆಯುವವನಾಗಿ ಏರ್‌ಸಾಫ್ಟಿನ ಸ್ನೈಪರ್ ಬಹಳ ದುರ್ಬಲ, ನೋಡುವವನಾಗಿ ಬಹಳ ಬೆಲೆಯುಳ್ಳವನು ಎಂಬುದು ನನ್ನ ಅಭಿಪ್ರಾಯ. ಆದರೆ ಈ ಪಾತ್ರವನ್ನು ಬಯಸುವವರು ಬಯಸುವುದು ಹೊಡೆಯುವುದನ್ನೇ.

ಏರ್‌ಸಾಫ್ಟ್ ನಮಗೆ ಪರದೇಶದ ವಸ್ತುವೇನಲ್ಲ. ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ಕಾಣುವುದು ಹೆಚ್ಚಾಗಿ ಪೇಂಟ್‌ಬಾಲ್ ನಿಜ. ಆದರೆ ಜಾತ್ರೆಯ ಆಟಿಕೆ ಅಂಗಡಿಯಲ್ಲಿ ತೂಗುಹಾಕಿರುವ, ಹಳದಿ ಗುಂಡು ಹಾರಿಸುವ ಸ್ಪ್ರಿಂಗ್ ಬಂದೂಕು ಇದೇ ಮನೆತನದ್ದು. ಅದರ ಗುಂಡೂ 6 ಮಿಲಿಮೀಟರಿನದೇ. ತೂಕ ಮಾತ್ರ 0.12 ಗ್ರಾಂ, ಹತ್ತು ಹದಿನೈದು ಮೀಟರ್ ದಾಟುವಷ್ಟರಲ್ಲಿ ದಿಕ್ಕು ತಪ್ಪುತ್ತದೆ. ಅಂಥ ಬಂದೂಕೊಂದನ್ನು ಕೈಗೆತ್ತಿಕೊಂಡು ನೋಡಿ: ಮೇಲೊಂದು ದುರ್ಬೀನು ಕೂರಿಸಿರುತ್ತಾರೆ, ಕಣ್ಣಿಟ್ಟರೆ ಅದೊಂದು ಟೊಳ್ಳು ಕೊಳವೆ, ಎರಡೂ ಕಡೆ ಬರೀ ಪ್ಲಾಸ್ಟಿಕ್ ಹಾಳೆ. ಏನೂ ಹತ್ತಿರ ಕಾಣದ ಆ ಕೊಳವೆಗೇ ಮಕ್ಕಳು ಮನಸೋಲುತ್ತಾರೆ. ದುಬಾರಿ ಬಂದೂಕಿನ ಮೇಲೆ ನಿಜವಾದ ದುರ್ಬೀನು ಇರುತ್ತದೆ. ಆದರೂ ತೊಡಕು ಅಲ್ಲೂ ಬಿಟ್ಟಿದ್ದಲ್ಲ, ಏಕೆಂದರೆ ದುರ್ಬೀನು ಕಣ್ಣನ್ನು ದೂರ ಒಯ್ಯುತ್ತದೆಯೇ ಹೊರತು ಗುಂಡನ್ನಲ್ಲ.

ಒಳ್ಳೆಯ ಸ್ನೈಪರ್ ಬಂದೂಕಿನ ಲೆಕ್ಕವನ್ನೇ ಹಾಕೋಣ. ಆಟದ ಮೈದಾನಗಳು ಇದಕ್ಕೆ ಸಾಮಾನ್ಯವಾಗಿ ಕೊಡುವ ಮಿತಿ 2.3 ಜೌಲಿನ ಆಸುಪಾಸು. 0.40 ಗ್ರಾಂ ಗುಂಡು ಹಾಕಿದರೆ ಅದು ಕೊಳವೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 107 ಮೀಟರ್. ನಮ್ಮ ಸೇನೆಯಲ್ಲಿ ದಶಕಗಳಿಂದ ಇರುವ ಡ್ರಾಗುನೋವ್ ಬಂದೂಕಿನ ಗುಂಡು ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಪ್ಲಾಸ್ಟಿಕ್ ಗುಂಡು ಹಗುರ, ಉರುಟು. ಗಾಳಿ ಅದನ್ನು ಬಹಳ ಬೇಗ ತಡೆಯುತ್ತದೆ. 60 ಮೀಟರ್ ಮುಟ್ಟುವ ಹೊತ್ತಿಗೆ ವೇಗ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ, ಶಕ್ತಿಯಲ್ಲಿ ಉಳಿದಿರುವುದು ಹತ್ತನೇ ಒಂದು ಪಾಲು. ಅಷ್ಟು ದೂರಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದು ಸೆಕೆಂಡು. ಒಂದು ಸೆಕೆಂಡಿನಲ್ಲಿ ಮನುಷ್ಯ ಮರದ ಹಿಂದಕ್ಕೆ ಸರಿಯಬಹುದು, ಬಗ್ಗಬಹುದು, ಬಂದೂಕಿನ ಸದ್ದು ಬಂದತ್ತ ಕತ್ತು ತಿರುಗಿಸಿ ನೋಡಲೂಬಹುದು. ಅಡ್ಡಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸಿದರೆ ಸಾಕು, ಗುಂಡು ಸುಮಾರು ಒಂದು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅದು ಎಲೆ ಅಲುಗಿಸುವಷ್ಟು ತೆಳುವಾದ ಗಾಳಿ. ಮಾಲೂರು ಸೀಮೆಯ ಆಷಾಢದ ಗಾಳಿಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಇಷ್ಟಾದರೂ ಗುಂಡು 60 ಮೀಟರ್ ಹೋಗುವುದೇ ಒಂದು ಜಾಣ ಉಪಾಯದಿಂದ. ಕೊಳವೆಯ ಬುಡದಲ್ಲಿ ಮೇಲ್ಭಾಗಕ್ಕೆ ಒಂದು ರಬ್ಬರ್ ಗುಬುಟಿರುತ್ತದೆ. ಅದಕ್ಕೆ ಉಜ್ಜಿಕೊಂಡು ಹೋಗುವ ಗುಂಡು ಹಿಮ್ಮುಖವಾಗಿ ಸುತ್ತುತ್ತದೆ. ಆ ಸುತ್ತಿನಿಂದ ಅದಕ್ಕೊಂದು ಎತ್ತುಗಡೆ ಸಿಕ್ಕಿ, ಬೀಳಬೇಕಾದ ಜಾಗವನ್ನು ದಾಟಿ ತೇಲುತ್ತದೆ. ಅನಿಲ್ ಕುಂಬ್ಳೆ ಅವರ ಫ್ಲಿಪ್ಪರ್‌ನಲ್ಲಿ ಇದ್ದದ್ದೂ ಇದೇ ಹಿಮ್ಮುಖ ಸುತ್ತು. ಬಂದೂಕಿನ ಈ ಉಪಾಯವನ್ನು ಹಾಪ್-ಅಪ್ ಎನ್ನುತ್ತಾರೆ. ಸ್ನೈಪರ್ ಆಡುವವರು ಹಣವನ್ನೂ ದಿನಗಳನ್ನೂ ಸುರಿಯುವುದು ಈ ರಬ್ಬರಿಗೆ, ಕೊಳವೆಗೆ, ಗುಂಡಿನ ತೂಕಕ್ಕೆ. ಆ ಶ್ರದ್ಧೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಹಾಪ್-ಅಪ್ ಸ್ನೈಪರ್ ಒಬ್ಬನ ಸ್ವತ್ತಲ್ಲ. ಮಾಮೂಲಿ ಬ್ಯಾಟರಿ ಬಂದೂಕಿನಲ್ಲೂ ಅದಿದೆ. ಆ ಬಂದೂಕಿನ ಗುಂಡು 50 ಮೀಟರಿನವರೆಗೆ ಮುಟ್ಟುತ್ತದೆ, ಅದೂ ಬಿಡುವಿಲ್ಲದೆ ಸಾಲುಸಾಲಾಗಿ. ಒಳ್ಳೆಯ ಸ್ನೈಪರ್ ಬಂದೂಕು 70 ಮೀಟರಿನವರೆಗೆ. ಅಂದರೆ ಅವನಿಗೆ ಉಳಿಯುವ ಮೇಲುಗೈ ಸುಮಾರು 20 ಮೀಟರಿನದು, ಅಷ್ಟೇ.

ಈಚೆ ಬದಿಯಿಂದಲೂ ಒಂದು ಗೋಡೆ ಅವನಿಗಿದೆ. ಹೆಚ್ಚು ಬಲದ ಬಂದೂಕಿನಿಂದ ಹತ್ತಿರದವರಿಗೆ ಹೊಡೆಯುವಂತಿಲ್ಲ. ಹಲವು ದೇಶಗಳ ಮೈದಾನಗಳು 30 ಮೀಟರ್ ಅಂತರವನ್ನು ಕಡ್ಡಾಯ ಮಾಡಿವೆ. ಅದಕ್ಕಿಂತ ಹತ್ತಿರ ಯಾರಾದರೂ ಬಂದರೆ ಅವನು ಸೊಂಟದ ಪಿಸ್ತೂಲಿಗೆ ಕೈಹಾಕಬೇಕು. ಇದು ಬೇಕೇ ಬೇಕಾದ ನಿಯಮ. ಹತ್ತಿರದಿಂದ ಬರುವ ಅಂಥ ಗುಂಡು ಹಲ್ಲು ಮುರಿಯಬಲ್ಲದು, ಕನ್ನಡಕವಿಲ್ಲದ ಕಣ್ಣನ್ನು ಕಳೆಯಬಲ್ಲದು. ಕಾನೂನೂ ಬೇರೆಬೇರೆ ಕಡೆ ಬೇರೆಬೇರೆ ಗೆರೆ ಎಳೆದಿದೆ. ಬ್ರಿಟನ್ನಿನ 2017ರ ಕಾಯ್ದೆ ಒಂಟಿಗುಂಡಿನ ಬಂದೂಕಿಗೆ 2.5 ಜೌಲ್, ಸರಣಿಗುಂಡಿನದಕ್ಕೆ 1.3 ಜೌಲ್ ಎಂದು ಗೊತ್ತುಮಾಡಿತು. ಈ ಆಟದ ತವರಾದ ಜಪಾನ್ 2006ರ ತಿದ್ದುಪಡಿಯಲ್ಲಿ ಎಲ್ಲಕ್ಕೂ ಒಂದೇ ಮಿತಿ ಇಟ್ಟಿತು, 1 ಜೌಲಿಗಿಂತ ತುಸು ಕಡಿಮೆ. ಹಾಗಾಗಿ ಜಪಾನಿನ ಸ್ನೈಪರಿಗೆ ಬಲದಲ್ಲಿ ಹೆಚ್ಚಿನ ಪಾಲೇ ಇಲ್ಲ. ಆದರೂ ಅಲ್ಲಿ ಈ ಪಾತ್ರ ಅಳಿದಿಲ್ಲ. ಸ್ಪ್ರಿಂಗ್ ಬಂದೂಕಿನ ಸದ್ದು ಕಡಿಮೆ, ಹೊಡೆದವನು ಎಲ್ಲಿದ್ದಾನೆಂದು ಬೇಗ ತಿಳಿಯದು. ಅಲ್ಲಿಯವರು ಇದನ್ನೇ ನಂಬಿ ಆಡುತ್ತಾರೆ. ಈ ಪಾತ್ರದ ಸತ್ವ ದೂರದಲ್ಲಿಲ್ಲ, ಕಾಣದೆ ಇರುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಕಾಣದೆ ಇರುವುದಾದರೂ ನಮ್ಮ ನೆಲದಲ್ಲಿ ಸುಲಭವೇ? ಮಾಲೂರು ತಾಲ್ಲೂಕಿನಲ್ಲಿ ಇಂಥ ಆಟಕ್ಕೆ ಮೊದಲು ನೆನಪಾಗುವುದು ನೀಲಗಿರಿ ತೋಪು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ತೋಪುಗಳು ಸಾಕಷ್ಟಿವೆ. ಲಕ್ಕೂರಿನ ಕಡೆಯ ಅಂಥ ಒಂದು ತೋಪಿನೊಳಗೆ ನಿಂತರೆ ಸ್ನೈಪರನ ಕಷ್ಟ ತಾನಾಗಿ ಅರ್ಥವಾಗುತ್ತದೆ. ಸಾಲಿನ ನೇರಕ್ಕೆ ನೋಡಿದರೆ ತೋಪಿನ ಆಚೆ ತುದಿಯ ಬದುವಿನವರೆಗೂ ಕಣ್ಣು ಹರಿಯುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಾಂಡದ ಮೇಲೆ ಕಾಂಡ ಬಂದು ಎಲ್ಲ ಮುಚ್ಚಿಹೋಗುತ್ತದೆ. ಕಡಿದ ಬುಡದಿಂದ ನಾಲ್ಕೈದು ಕವಲೊಡೆದ ಕೂಳೆ ತೋಪಾದರೆ ಇನ್ನೂ ಇಕ್ಕಟ್ಟು. ಕೆಳಗೆ ಪೊದೆ ಬೆಳೆಯುವುದಿಲ್ಲ, ಇರುವುದು ಒಣಗಿದ ಎಲೆ, ಸುಲಿದು ಬಿದ್ದ ತೊಗಟೆ. ಮೊಣಕೈ ಊರಿದರೂ ಚರಚರ ಎನ್ನುತ್ತದೆ. ಎಲೆ, ನಾರು ಕಟ್ಟಿದ ಗಿಲ್ಲಿ ಸೂಟು ತೊಟ್ಟವನು ಹಸಿರು ಪೊದೆಗಳ ನಡುವೆ ಮಾಯವಾಗುತ್ತಾನೆ; ಇಲ್ಲಿನ ಬಯಲು ನೆಲದಲ್ಲಿ ಅವನೇ ಒಂದು ಪೊದೆಯಾಗಿ ಎದ್ದು ಕಾಣುತ್ತಾನೆ. ಲಂಟಾನ ಹಬ್ಬಿದ ಅಂಚುಗಳಲ್ಲಿ, ಟೇಕಲ್ ಕಡೆಯ ಗುಂಡುಕಲ್ಲುಗಳ ಸಂದಿನಲ್ಲಿ ಮರೆ ಸಿಕ್ಕೀತು. ಆದರೆ ಅಲ್ಲಿ ಒಂದು ಎಲೆ ಅಡ್ಡಬಂದರೂ ಪ್ಲಾಸ್ಟಿಕ್ ಗುಂಡು ದಿಕ್ಕು ಬದಲಿಸುತ್ತದೆ. ಮರೆ ಇದ್ದಲ್ಲಿ ದಾರಿ ಇಲ್ಲ, ದಾರಿ ಇದ್ದಲ್ಲಿ ಮರೆ ಇಲ್ಲ.

ಇವೆಲ್ಲವನ್ನೂ ಗೆದ್ದು ಗುಂಡು ತಾಗಿತು ಎನ್ನೋಣ. ತಾಗಿದ್ದನ್ನು ಹೇಳುವವರು ಯಾರು? ಪೇಂಟ್‌ಬಾಲಿನಲ್ಲಾದರೆ ಬಣ್ಣ ಮೆತ್ತಿಕೊಳ್ಳುತ್ತದೆ, ಏರ್‌ಸಾಫ್ಟಿನಲ್ಲಿ ಗುರುತು ಉಳಿಯುವುದಿಲ್ಲ. ತಾಗಿಸಿಕೊಂಡವನೇ ಕೈಯೆತ್ತಿ ಔಟಾದೆ ಎನ್ನಬೇಕು. ಹತ್ತಿರದಿಂದ ಬಿದ್ದ ಗುಂಡು ಚುರುಕ್ಕೆನ್ನುತ್ತದೆ, ಸುಮ್ಮನಿರಲಾಗದು. 60 ಮೀಟರ್ ಬಂದು ದಪ್ಪ ಅಂಗಿಯ ಮೇಲೋ ಬೆನ್ನಚೀಲದ ಮೇಲೋ ಬಿದ್ದದ್ದು ಓಡುತ್ತಿರುವವನಿಗೆ ತಿಳಿಯದೇ ಹೋಗಬಹುದು. ದುರ್ಬೀನಿನಲ್ಲಿ ಗುಂಡು ತಾಗಿ ಚಿಮ್ಮಿದ್ದನ್ನು ಕಣ್ಣಾರೆ ಕಂಡ ಸ್ನೈಪರಿಗೆ ಇದು ಮೋಸವೆನಿಸುತ್ತದೆ. "ನಿಂಗೆ ಬಿತ್ತು ಕಣೋ!" "ಎಲ್ಲಿ ಬಿತ್ತು? ಬಿದ್ದಿಲ್ಲ!" ಎಂಬ ಜಗಳವನ್ನು ಮಕ್ಕಳು ತೋಪಿನಲ್ಲಿ ಆಡುವುದನ್ನು ಯಾರು ಕೇಳಿಲ್ಲ? ದೊಡ್ಡವರ ಆಟದಲ್ಲೂ ಅದೇ ಜಗಳ. ಎಲ್ಲ ಪಾತ್ರಗಳಿಗಿಂತ ಹೆಚ್ಚಾಗಿ ಎದುರಾಳಿಯ ಪ್ರಾಮಾಣಿಕತೆಗೆ ಕಟ್ಟುಬಿದ್ದಿರುವುದು ಸ್ನೈಪರ್. ಬಂದೂಕನ್ನು ಎಷ್ಟೇ ತಿದ್ದಿದರೂ ಈ ಮಿತಿ ಕರಗುವುದಿಲ್ಲ, ಇದೇ ಅವನ ಅತಿ ದೊಡ್ಡ ಮಿತಿ.

ಏರ್‌ಸಾಫ್ಟಿನ ಸೋದರ ಆಟ ಪೇಂಟ್‌ಬಾಲಿನ ಮೊದಲ ಪಂದ್ಯವನ್ನು ಇಲ್ಲಿ ನೆನೆಯಬೇಕು. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಬಳಿಯ ಕಾಡಿನಲ್ಲಿ ಹನ್ನೆರಡು ಮಂದಿ ಸೇರಿದರು. ಮರಗಳಿಗೂ ದನಗಳಿಗೂ ಗುರುತು ಹಾಕುತ್ತಿದ್ದ ಬಣ್ಣದ ಪಿಸ್ತೂಲೇ ಅವರ ಆಯುಧ. ಕಾಡಿನಲ್ಲಿಟ್ಟ ಬಾವುಟಗಳನ್ನು ಕಲೆಹಾಕುವುದು ಆಟ. ಗೆದ್ದವನು ಅರಣ್ಯದ ಕೆಲಸ ಬಲ್ಲ ರಿಚೀ ವೈಟ್, ಅದೂ ಒಂದೇ ಒಂದು ಗುಂಡು ಹಾರಿಸದೆ. ಅವನು ಮೆಲ್ಲಗೆ ನಡೆದ, ನೋಡಿದ, ಯಾರಿಗೂ ಕಾಣಲಿಲ್ಲ. ಸ್ನೈಪರನ ಗುಣಗಳೆಂದು ನಾವು ಹೊಗಳುವುದೆಲ್ಲ ಅವನಲ್ಲಿತ್ತು. ಒಂದೇ ವ್ಯತ್ಯಾಸ, ಅವನು ಬಾವುಟದತ್ತ ನಡೆಯುತ್ತಲೇ ಇದ್ದ. ಇಂದು ಒಂದೇ ಗುಡ್ಡೆಯ ಮೇಲೆ ಗಂಟೆಗಟ್ಟಲೆ ಮಲಗಿ ಒಂದು ಹೊಡೆತಕ್ಕೆ ಕಾಯುವವನಿಂದ ಬಾವುಟ ಒಂದಂಗುಲವೂ ಅಲುಗುವುದಿಲ್ಲ. ಹತ್ತು ಮಂದಿಯ ತಂಡದಲ್ಲಿ ಮೂವರು ಹೀಗೆ ಮಲಗಿದರೆ ಉಳಿದ ಏಳು ಮಂದಿ ಹತ್ತು ಮಂದಿಯ ಎದುರು ಆಡಬೇಕು.

ಹಾಗೆಂದು ಈ ಪಾತ್ರವನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಬೇಟೆಯ ಕತೆಗಳನ್ನು ಓದಿದವರಿಗೆ ಕಾಯುವುದರ ರುಚಿ ಗೊತ್ತು. ಆಂಡರ್ಸನ್ ನರಭಕ್ಷಕ ಹುಲಿಯ ಬೆನ್ನುಹತ್ತಿದ ಜವಳಗಿರಿ ಕಾಡು ಲಕ್ಕೂರಿಗೆ ದೂರವೇನಲ್ಲ, ಹೊಸೂರಿನ ಆಚೆಗಿದೆ. ಆ ಬರಹಗಳ ಹೆಚ್ಚಿನ ಪುಟಗಳು ಹೆಜ್ಜೆ ಗುರುತು, ಲಂಗೂರದ ಕೂಗು, ಗಾಳಿಯ ದಿಕ್ಕು ಇವುಗಳಿಗೇ ಮೀಸಲು. ಗುಂಡಿನ ಸದ್ದು ಕೊನೆಗೊಮ್ಮೆ ಮಾತ್ರ. ಸೇನೆಯ ಸ್ನೈಪರನೂ ಒಂಟಿಯಲ್ಲ, ಪಕ್ಕದಲ್ಲಿ ದೂರದರ್ಶಕ ಹಿಡಿದ ಜೊತೆಗಾರನಿರುತ್ತಾನೆ, ಕಂಡದ್ದನ್ನು ಹಿಂದಕ್ಕೆ ತಿಳಿಸುವುದು ಇಬ್ಬರ ಕೆಲಸದ ದೊಡ್ಡ ಪಾಲು. ಏರ್‌ಸಾಫ್ಟ್ ಇವರಿಂದ ಉಡುಪನ್ನೂ ಬಂದೂಕಿನ ಆಕಾರವನ್ನೂ ತೆಗೆದುಕೊಂಡಿತು, ಈ ಕೆಲಸವನ್ನು ಬಿಟ್ಟುಬಂತು.

ಆದ್ದರಿಂದ ತಂಡ ಕಟ್ಟುವವರಿಗೆ ನನ್ನದೊಂದು ಬೇಡಿಕೆ. ಹತ್ತು ಮಂದಿಗೆ ಒಬ್ಬನೇ ಸ್ನೈಪರ್ ಇರಲಿ. ಅವನು ಹೊಸಬನಾಗಿರಬಾರದು, ಬ್ಯಾಟರಿ ಬಂದೂಕು ಹಿಡಿದು ಮೈದಾನವೆಲ್ಲ ಓಡಾಡಿ, ಎದುರಿನವರು ಯಾವ ಸಂದಿನಿಂದ ನುಗ್ಗುತ್ತಾರೆಂದು ಕಲಿತವನೇ ಆಗಬೇಕು. ಬಂದೂಕಿಗಿಂತ ಮೊದಲು ಅವನ ಕೈಗೆ ವಾಕಿಟಾಕಿ ಬರಲಿ. ಎಡಗಡೆ ಬದುವಿನ ಹಿಂದೆ ನಾಲ್ವರು, ಬಾವುಟದ ಹತ್ತಿರ ಒಬ್ಬನೇ ಎಂದು ಅವನು ತಿಳಿಸಿದ ಕೂಡಲೇ ಉಳಿದ ಒಂಬತ್ತು ಮಂದಿ ಜಾಗ ಬದಲಿಸಿದರೆ, ಆ ಬೆಳಗ್ಗೆ ಅವನು ಗುಂಡು ಹಾರಿಸಿದನೋ ಇಲ್ಲವೋ ಎಂದು ಲೆಕ್ಕ ಇಡಬೇಕಾಗಿಲ್ಲ.