ವಿಶ್ವವಿದ್ಯಾಲಯಕ್ಕೊಂದು ಜಗಲಿ ಬೇಕು

ಕಥೆ, ಕಾವ್ಯ, ಸಿನಿಮಾಗಳ ಬಗ್ಗೆ ವಿಮರ್ಶೆ ಬರೆಯುವ ನಾವು ವಿಶ್ವವಿದ್ಯಾಲಯದ ಕಟ್ಟಡಗಳ ಬಗ್ಗೆ ಬರೆಯುವುದಿಲ್ಲ. ಶಂಕುಸ್ಥಾಪನೆಯ ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಎಷ್ಟು ಕೋಟಿ, ಎಷ್ಟು ಕೊಠಡಿ ಎಂಬ ಲೆಕ್ಕವೂ ಬರುತ್ತದೆ. ಆ ಕೊಠಡಿಗಳಿಂದ ಹೊರಬಂದ ಹುಡುಗ ಹುಡುಗಿಯರು ಎಲ್ಲಿ ನಿಂತು ಮಾತಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವನ್ನೇ ನೋಡೋಣ. ಅದರ 'ಜ್ಞಾನಸಹ್ಯಾದ್ರಿ' ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದಲ್ಲಿ. ಸುತ್ತ ಕಾಡು, ಹತ್ತಿರದಲ್ಲೇ ಭದ್ರಾ ಜಲಾಶಯ. ಓದಿಗೆ ಒಳ್ಳೆಯ ಏಕಾಂತವೇ ಸರಿ. ಆದರೆ ವಿಭಾಗಗಳು ಬೇರೆ ಬೇರೆ ಕಟ್ಟಡಗಳಲ್ಲಿರುವ ಕಡೆ ಕನ್ನಡ ಎಂ.ಎ. ಓದುವವನಿಗೆ ರಸಾಯನಶಾಸ್ತ್ರದವಳು ಎದುರಾಗುವುದು ಎಲ್ಲಿ? ಊರಿನಿಂದ ಬಂದುಹೋಗುವವರಿಗಂತೂ ಪಾಠ ಮುಗಿದೊಡನೆ ಬಸ್ಸಿನ ಆತುರ. ಮಾತು ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೆ ಉತ್ತರ ಹುಡುಕಿ ವಿದೇಶಕ್ಕೆ ಹೋಗಬೇಕಿಲ್ಲ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸಾ ನಮ್ಮ ನಾಡಿನದೇ. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಪಾಠದ ಹಜಾರ, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ಕೋಣೆ ಎಲ್ಲವೂ ಒಂದೇ ಅಂಗಳವನ್ನು ಸುತ್ತುವರಿದಿದ್ದವು. ಉರ್ದುವಿನಲ್ಲಿ ಆ ಅಂಗಳಕ್ಕೆ ಸೆಹನ್ ಎನ್ನುತ್ತಾರೆ. ಕೋಣೆಯಿಂದ ಗ್ರಂಥಾಲಯಕ್ಕೆ ಹೊರಟವನು ನಡುವೆ ನಾಲ್ಕು ಜನರಿಗೆ ಎದುರಾಗಲೇಬೇಕು. ವಾಸ್ತುಶಿಲ್ಪಿ ಬಿ.ವಿ. ದೋಶಿ ಬೆಂಗಳೂರಿನ ಐಐಎಂಗೆ ಫತೇಪುರ್ ಸಿಕ್ರಿಯಿಂದ ಸ್ಫೂರ್ತಿ ಪಡೆದದ್ದೂ ಇಂಥ ಅಂಗಳಗಳಿಗಾಗಿಯೇ. ಅಲ್ಲಿನ ಓಣಿಗಳನ್ನು ನಡೆಯುವುದಕ್ಕಷ್ಟೇ ಅಲ್ಲದೆ ನಿಂತು ಹರಟುವುದಕ್ಕೂ ಆಗುವಷ್ಟು ಅಗಲವಾಗಿ ಇಟ್ಟರು.

ಬೀದರ್‌ನ ಅಂಗಳವನ್ನು ಮಲೆನಾಡಿಗೆ ಹಾಗೇ ತಂದರೆ ಜೂನ್ ತಿಂಗಳಲ್ಲಿ ಕೆರೆಯಾದೀತು. ಇಲ್ಲಿಗೆ ಬೇಕಾದದ್ದು ಅಗಲವಾದ ಸೂರು, ಕಟ್ಟಡದಿಂದ ಕಟ್ಟಡಕ್ಕೆ ನೆನೆಯದೆ ಹೋಗುವ ದಾರಿ, ದಾರಿಯುದ್ದಕ್ಕೂ ಕಟ್ಟೆ. ಮಲೆನಾಡಿನ ಮನೆಗಳಿಗೆ ಇದು ಹೊಸದಲ್ಲ. ಬಂದವರನ್ನು ಕೂರಿಸಿ ಮಾತಾಡಿಸುವ ಜಗಲಿ ಇರುವುದೇ ಅದಕ್ಕೆ.

ಇದು ಬರೀ ಅಂದಚೆಂದದ ಮಾತಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸುತ್ತ ಕನ್ನಡ, ಉರ್ದು, ತಮಿಳು, ತೆಲುಗು ಮಾತಾಡುವ ಕುಟುಂಬಗಳು ನೆರೆಹೊರೆಯಾದವು. ಒಂದೇ ಪಾಳಿಯಲ್ಲಿ ದುಡಿದವರಿಗೆ ಪರಸ್ಪರರ ಪರಿಚಯ ತಾನಾಗಿಯೇ ಆಯಿತು. ಅವರ ಮೊಮ್ಮಕ್ಕಳಿಗೆ ಆ ಅವಕಾಶ ಎಲ್ಲಿದೆ? 2022ರ ಫೆಬ್ರವರಿಯ ಹಿಜಾಬ್ ವಿವಾದದಲ್ಲಿ ಶಿವಮೊಗ್ಗದ ವಿದ್ಯಾರ್ಥಿಗಳು ಪರಸ್ಪರ ಎದುರಾದದ್ದು ಕಾಲೇಜು ಗೇಟಿನ ಬಳಿ, ಘೋಷಣೆಗಳ ನಡುವೆ. ಒಂದು ಜಗಲಿ ದ್ವೇಷವನ್ನು ಅಳಿಸೀತು ಎಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಜೊತೆಗೆ ಕೂತು ಚಹಾ ಕುಡಿದವಳ ವಿರುದ್ಧ ಘೋಷಣೆ ಕೂಗುವ ಮುನ್ನ ನಾಲಿಗೆ ಒಮ್ಮೆಯಾದರೂ ತಡವರಿಸುತ್ತದೆ. ಆ ತಡವರಿಕೆಯೂ ಶಿಕ್ಷಣದ ಫಲವೇ.

ಮುಂದಿನ ಕಟ್ಟಡದ ನಕ್ಷೆಗೆ ಸಹಿ ಹಾಕುವ ಮುನ್ನ ಅಧಿಕಾರಿಗಳು ಅದನ್ನು ವಿದ್ಯಾರ್ಥಿಗಳ ಮುಂದೆ ಹರಡಲಿ. ನಮ್ಮದು ಒಂದೇ ಪ್ರಶ್ನೆ: ಜೋರು ಮಳೆಯ ಒಂದು ಮಧ್ಯಾಹ್ನ, ಬೇರೆ ಬೇರೆ ವಿಭಾಗದ, ಬೇರೆ ಬೇರೆ ಮನೆಮಾತಿನ ಇಬ್ಬರು ಇದರಲ್ಲಿ ಎಲ್ಲಿ ಕೂತು ಜಗಳವಾಡಬಹುದು?