ಬಳಸುದಾರಿಯ ಬೇಗ

ವಿಮಾನಗಳ ವೇಳಾಪಟ್ಟಿಯನ್ನು ಕಾದಂಬರಿಯಂತೆ ಓದುವ ಚಟವುಳ್ಳವರು ನಮ್ಮಲ್ಲಿ ವಿರಳ; ಆದರೆ ಆ ಅಂಕಿಗಳ ಸಾಲಿನಲ್ಲಿರುವ ರಸವನ್ನು ಒಮ್ಮೆ ಸವಿದವನು, ಎರಡು ಊರುಗಳ ನಡುವಣ ದೂರ ಇಷ್ಟೆಂದು ತಿಳಿದ ಮಾತ್ರಕ್ಕೆ ತೃಪ್ತನಾಗಲಾರನು.

ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಹೊರಡುವ ಎಷ್ಟೋ ಕನ್ನಡ ಮನೆಗಳ ಹಿರಿಯರಿಗೆ ಈಗ ಪರಿಚಿತವಾಗಿರುವ ಸ್ಯಾನ್ ಫ್ರಾನ್ಸಿಸ್ಕೋದ ಪಯಣವನ್ನೇ ತೆಗೆದುಕೊಳ್ಳೋಣ. ಗೋಡೆಯ ಭೂಪಟವನ್ನು ನಂಬಿದರೆ ವಿಮಾನವು ಪೂರ್ವಕ್ಕೋ ಪಶ್ಚಿಮಕ್ಕೋ ನೆಟ್ಟಗೆ ಸಾಗಬೇಕು. ಗ್ಲೋಬನ್ನು ಎದುರಿಗಿಟ್ಟುಕೊಂಡು, ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದತ್ತ ಬಿಗಿಯಾಗಿ ಎಳೆದರೋ, ಆ ದಾರವು ತಾನಾಗಿಯೇ ಬಡಗಣಕ್ಕೆ ಜಾರಿ, ಆರ್ಕ್ಟಿಕ್ ಸಾಗರದ ಹಿಮರಾಶಿಯ ಮೇಲೆ ಹಾಯುವುದು. ಎರಡು ನಗರಗಳ ರೇಖಾಂಶಗಳಿಗೆ ಸುಮಾರು 160 ಡಿಗ್ರಿಗಳ ಅಂತರವಿದ್ದು, ಅವು ಭೂಮಿಯ ಹೆಚ್ಚುಕಡಮೆ ಎದುರುಬದುರಿನ ಮಗ್ಗುಲುಗಳಲ್ಲಿರುವುದೇ ಇದಕ್ಕೆ ಕಾರಣ. ಹಾಗೆ ಅಳೆದ ದೂರ ಸುಮಾರು 14,000 ಕಿಲೋಮೀಟರ್.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಧ್ರುವಮಾರ್ಗವಾಗಿ ಬಂದು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ದಿನಾಂಕಗಳನ್ನು ನೋಡಿ ಬೆರಗಾಗಬೇಕಾಗಿಲ್ಲ. ಚಳಿಗಾಲದಲ್ಲಿ ಉಭಯ ನಗರಗಳ ಗಡಿಯಾರಗಳಿಗಿರುವ ಹದಿಮೂರೂವರೆ ಗಂಟೆಗಳ ವ್ಯತ್ಯಾಸವನ್ನು ಕಳೆದರೆ ಉಳಿಯುವುದು ಸುಮಾರು 17 ಗಂಟೆ.

ಆದರೆ ಹತ್ತಿರದ ದಾರಿಯೇ ಬೇಗ ಮುಟ್ಟಿಸುವ ದಾರಿಯೆಂಬ ನಿಯಮವೇನೂ ಆಕಾಶದಲ್ಲಿಲ್ಲ. ದೆಹಲಿಯಿಂದ ಅಟ್ಲಾಂಟಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ಅದೇ ಸಂಸ್ಥೆಯ ವಿಮಾನವು 2016ರ ಅಕ್ಟೋಬರಿನಲ್ಲಿ ಪೂರ್ವಾಭಿಮುಖವಾಗಿ ಪೆಸಿಫಿಕ್ ಮಾರ್ಗವನ್ನು ಹಿಡಿದಾಗ, ದೂರವು ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳಷ್ಟು ಬೆಳೆದು 15,300ನ್ನು ಮುಟ್ಟಿತು. ಹೊತ್ತಾದರೋ ಇಳಿದು ಸುಮಾರು ಹದಿನಾಲ್ಕೂವರೆ ಗಂಟೆಗೆ ಬಂದಿತು. ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ವಾಯುಪ್ರವಾಹದ ವೇಗವು ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಗಂಟೆಗೆ 900ರ ಸುಮಾರಿನಲ್ಲಿ ಹಾರುವ ವಿಮಾನಕ್ಕೆ ಅದು ಬೆನ್ನಿಗೆ ಬಿದ್ದರೆ ಲಾಭ, ಇದಿರಾದರೆ ನಷ್ಟ.

ಭೂಮಿಯೇ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹಾರುವವನ ಊರು ತಾನಾಗಿಯೇ ಎದುರು ಬರಬೇಡವೆ ಎಂದು ಕೇಳುವ ಬುದ್ಧಿವಂತರುಂಟು. ಭೂಮಿಯೊಡನೆ ಅದರ ವಾಯುಮಂಡಲವೂ, ಅದರೊಳಗಿನ ವಿಮಾನವೂ ಸುತ್ತುತ್ತಿರುವುದರಿಂದ ಆ ಲೆಕ್ಕ ಸಲ್ಲದು.

ಟಿಕೆಟ್ಟಿನಲ್ಲಿ ಅಚ್ಚಾಗುವ ಹೊತ್ತು ಹಾರಾಟದ್ದೊಂದೇ ಅಲ್ಲ. ನಿಲ್ದಾಣದೊಳಗೆ ರನ್‌ವೇವರೆಗೆ ಉರುಳುವ ನಿಮಿಷಗಳೂ ಅದರೊಳಗೆ ಸೇರಿರುತ್ತವೆ. ಆದಕಾರಣ ಅಂಕಿಗಳ ರುಚಿ ಹತ್ತಬೇಕೆನ್ನುವವರು ಲಂಡನ್ ಮತ್ತು ನ್ಯೂಯಾರ್ಕ್‌ಗಳ ನಡುವೆ ಹೋಗುವ, ಬರುವ ವೇಳೆಗಳೆರಡನ್ನೂ ಒಂದರ ಪಕ್ಕದಲ್ಲೊಂದು ಬರೆದು ನೋಡಲಿ: ನೆಲ ಅದೇ, ದೂರ ಅದೇ, ಲಂಡನ್ನಿಗೆ ಮರಳುವವನಿಗೆ ಸಿಕ್ಕುವ ಸುಮಾರು ಒಂದು ಗಂಟೆಯ ಉಳಿತಾಯ ಗಾಳಿಯ ಕೊಡುಗೆ.